ಗೇಟ್‌ವೇ ರೂಟರ್‌ಗಳ ಜೋಡಿ ವ್ಯವಸ್ಥೆ

ಕಚೇರಿ, ಕಾಲೇಜು ಅಥವಾ ಡೇಟಾ ಸೆಂಟರಿನ ಒಳಜಾಲದಿಂದ ಹೊರಗೆ ಹೊರಟ ಪ್ರತಿ ಪ್ಯಾಕೆಟ್ಟೂ ದಾಟಿಹೋಗಬೇಕಾದ ರೂಟರಿಗೆ ಗೇಟ್‌ವೇ ಎನ್ನುತ್ತಾರೆ. ಅದು ನಿಂತುಹೋದರೂ ಒಳಗಿನ ಕಂಪ್ಯೂಟರುಗಳು ತಮ್ಮತಮ್ಮಲ್ಲಿ ಮಾತಾಡಿಕೊಂಡೇ ಇರುತ್ತವೆ. ಪ್ರಿಂಟ್ ತೆಗೆಯಬಹುದು, ಪಕ್ಕದ ಸರ್ವರಿನ ಕಡತ ತೆರೆಯಬಹುದು. ಇಂಟರ್ನೆಟ್ ಮಾತ್ರ ಇಲ್ಲ. ಹೀಗಾಗದಂತೆ ಆ ಜಾಗದಲ್ಲಿ ಎರಡು ರೂಟರ್ ಇಟ್ಟು, ಒಂದು ಕೆಟ್ಟರೆ ಇನ್ನೊಂದು ಯಾರ ಕೈಯೂ ಸೋಕದೆ ಕೆಲಸ ವಹಿಸಿಕೊಳ್ಳುವಂತೆ ಹೊಂದಿಸುವುದು ಜೋಡಿ ಗೇಟ್‌ವೇ ವ್ಯವಸ್ಥೆ. ಮಾರಾಟದ ಕರಪತ್ರಗಳಲ್ಲಿ ಇದರ ಚಿತ್ರ ಬಹಳ ಸರಳ: ಎರಡು ಪೆಟ್ಟಿಗೆ, ನಡುವೆ ಒಂದು ಬಾಣ. ಕಳೆದ ಮೂರು ದಶಕಗಳ ಅನುಭವ ಹೇಳುವುದು ಬೇರೆ. ಎರಡನೆಯ ರೂಟರನ್ನು ಕೊಳ್ಳುವುದು ಈ ಕೆಲಸದ ಸುಲಭದ ಭಾಗ. ಮೊದಲನೆಯದು ಕೆಟ್ಟಿದೆ ಎಂದು ಯಾರು, ಯಾವ ಸಾಕ್ಷಿಯ ಮೇಲೆ, ಎಷ್ಟು ಬೇಗ ತೀರ್ಮಾನಿಸಬೇಕು ಎಂಬುದು ಕಷ್ಟದ ಭಾಗ. ಜೋಡಿ ವ್ಯವಸ್ಥೆಗಳು ಸೋತ ಪ್ರಸಂಗಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಯಂತ್ರಕ್ಕೆ ಕೊರತೆ ಇರಲಿಲ್ಲ. ತೀರ್ಮಾನ ತಪ್ಪಿತ್ತು, ಇಲ್ಲವೇ ಎರಡೂ ಯಂತ್ರಗಳು ಒಂದೇ ಕಾರಣಕ್ಕೆ ಒಟ್ಟಿಗೆ ಬಿದ್ದಿದ್ದವು.

ಸಮಸ್ಯೆಯ ಬೇರು ಐಪಿ ಜಾಲದ ಹಳೆಯ ವಿನ್ಯಾಸದಲ್ಲಿದೆ. ರೂಟರುಗಳು ತಮ್ಮೊಳಗೆ ಓಎಸ್‌ಪಿಎಫ್, ಬಿಜಿಪಿ ಮುಂತಾದ ಪ್ರೋಟೋಕಾಲ್‌ಗಳ ಮೂಲಕ ಸದಾ ಸುದ್ದಿ ಹಂಚಿಕೊಂಡು ಕೆಟ್ಟ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತವೆ. ಸಾಮಾನ್ಯ ಕಂಪ್ಯೂಟರಿಗೆ ಆ ಜಾಣತನ ಇಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಗೇಟ್‌ವೇ ವಿಳಾಸ, ಉದಾಹರಣೆಗೆ 192.168.10.1. ಆ ಐಪಿ ವಿಳಾಸದ ಹಿಂದಿರುವ ಮ್ಯಾಕ್ ವಿಳಾಸವನ್ನು, ಅಂದರೆ ಜಾಲದ ಕಾರ್ಡಿನ ಗುರುತನ್ನು, 1982ರಲ್ಲಿ ಪ್ರಕಟವಾದ ಎಆರ್‌ಪಿ ವಿಧಾನದಿಂದ ಕೇಳಿ ತಿಳಿದು ನೆನಪಿಟ್ಟುಕೊಳ್ಳುತ್ತದೆ. ಆ ಮ್ಯಾಕ್‌ನ ಒಡೆಯ ಸತ್ತಿದ್ದರೂ ಪ್ಯಾಕೆಟ್ಟುಗಳು ಅದರ ಹೆಸರಿಗೇ ಹೋಗುತ್ತಿರುತ್ತವೆ. ಕಂಪ್ಯೂಟರಿಗೇ ರೂಟರ್ ಹುಡುಕುವುದನ್ನು ಕಲಿಸುವ ಪ್ರಯತ್ನ 1991ರಲ್ಲಿ ಆರ್‌ಎಫ್‌ಸಿ 1256 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯ ಮೂಲಕ ನಡೆಯಿತು. ಆದರೆ ಅದರಲ್ಲಿ ರೂಟರ್ ತನ್ನ ಇರವನ್ನು ಸಾರುವುದು ಏಳರಿಂದ ಹತ್ತು ನಿಮಿಷಕ್ಕೊಮ್ಮೆ, ಆ ಸುದ್ದಿಯ ಆಯಸ್ಸು ಅರ್ಧ ಗಂಟೆ. ರೂಟರ್ ಸತ್ತ ಅರ್ಧ ಗಂಟೆಯ ನಂತರ ಎಚ್ಚೆತ್ತುಕೊಳ್ಳುವ ಉಪಾಯವನ್ನು ಯಾವ ಕಚೇರಿಯೂ ಉಪಾಯವೆಂದು ಒಪ್ಪಲಿಲ್ಲ. ಐಪಿಯ ಹೊಸ ಆವೃತ್ತಿಯಾದ ಐಪಿವಿ6ರಲ್ಲಿ ನೆರೆಯ ರೂಟರ್ ಮೌನವಾಗಿದೆ ಎಂದು ಅರಿಯುವ ಕ್ರಮ ಪ್ರೋಟೋಕಾಲಿನೊಳಗೇ ಸೇರಿದೆ. ಆದರೂ ರೂಢಿಯ ಅಳತೆಗಳಲ್ಲಿ ಅದಕ್ಕೆ ಸುಮಾರು 38 ಸೆಕೆಂಡು ಬೇಕು ಎಂದು ಆರ್‌ಎಫ್‌ಸಿ 5798 ಲೆಕ್ಕ ಹೇಳುತ್ತದೆ. ಫೋನ್ ಕರೆಯ ನಡುವೆ 38 ಸೆಕೆಂಡಿನ ಮೌನ ಎಂದರೆ ಕರೆ ಮುಗಿದಂತೆಯೇ.

ಹಾಗಾಗಿ ಎಂಜಿನಿಯರುಗಳು ಕಂಪ್ಯೂಟರನ್ನು ಬದಲಿಸುವ ಆಸೆ ಬಿಟ್ಟು ರೂಟರ್ ಬದಲಾದದ್ದು ಅದಕ್ಕೆ ತಿಳಿಯದಂತೆ ಮರೆಮಾಚುವ ದಾರಿ ಹಿಡಿದರು. ಸಿಸ್ಕೋ ಕಂಪನಿ 1990ರ ದಶಕದ ಮಧ್ಯದಲ್ಲಿ ಎಚ್‌ಎಸ್‌ಆರ್‌ಪಿ ಎಂಬ ತನ್ನದೇ ಪ್ರೋಟೋಕಾಲ್ ಬಳಕೆಗೆ ತಂದು, 1998ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2281 ಆಗಿ ಅದರ ವಿವರ ಪ್ರಕಟಿಸಿತು. ಮರುತಿಂಗಳೇ ಎಲ್ಲ ಕಂಪನಿಗಳ ರೂಟರುಗಳಿಗೂ ಸಲ್ಲುವ ವಿಆರ್‌ಆರ್‌ಪಿ, ಆರ್‌ಎಫ್‌ಸಿ 2338 ಆಗಿ ಹೊರಬಂತು. ಅದು 2004ರಲ್ಲಿ ಪರಿಷ್ಕೃತವಾಗಿ, 2010ರ ಮೂರನೆಯ ಆವೃತ್ತಿಯಲ್ಲಿ ಐಪಿವಿ6ನ್ನೂ ಸೇರಿಸಿಕೊಂಡು, 2024ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 9568 ಆಗಿ ಮತ್ತೆ ಪ್ರಕಟವಾಯಿತು. ಎರಡರ ಒಳತಿರುಳೂ ಒಂದೇ. ಒಂದು ರೂಟರಿಗೆ 192.168.10.2, ಇನ್ನೊಂದಕ್ಕೆ 192.168.10.3 ಎಂಬ ಸ್ವಂತ ವಿಳಾಸ. ಕಂಪ್ಯೂಟರುಗಳಿಗೆ ಹೇಳಿಕೊಟ್ಟ 192.168.10.1 ಇವೆರಡರಲ್ಲಿ ಯಾವುದರದ್ದೂ ಅಲ್ಲ. ಕೆಲಸದಲ್ಲಿರುವ ರೂಟರ್ ಆ ಹೊತ್ತಿಗೆ ತೊಟ್ಟುಕೊಂಡಿರುವ ಹೆಸರು ಅದು. ಆ ಹೆಸರಿಗೆ ಅಂಟಿದ ಮ್ಯಾಕ್ ಕೂಡ ಯಾವ ಕಾರ್ಡಿನದ್ದೂ ಅಲ್ಲ. ವಿಆರ್‌ಆರ್‌ಪಿಯಲ್ಲಿ ಅದು 00-00-5ಇ-00-01 ಎಂದು ಶುರುವಾಗಿ, ಕೊನೆಯ ಬೈಟಿನಲ್ಲಿ ಆ ಜೋಡಿಯ ಗುಂಪು ಸಂಖ್ಯೆಯನ್ನು ಹೊತ್ತಿರುತ್ತದೆ. ಈ ಕಲ್ಪಿತ ಮ್ಯಾಕ್ ಇರುವುದರಿಂದಲೇ ಗೇಟ್‌ವೇ ಕೈ ಬದಲಾದರೂ ಕಂಪ್ಯೂಟರುಗಳ ನೆನಪಿನಲ್ಲಿರುವುದು ಸುಳ್ಳಾಗುವುದಿಲ್ಲ. ಹೊಸ ವಿಷಯ ತಿಳಿಯಬೇಕಾದದ್ದು ಸ್ವಿಚ್ಚಿಗೆ ಮಾತ್ರ, ಆ ಮ್ಯಾಕ್ ಈಗ ಬೇರೆ ಪೋರ್ಟಿನಲ್ಲಿದೆ ಎಂದು.

ಕೇಬಲ್ ಕಿತ್ತ ಗಳಿಗೆಯಲ್ಲಿ ಏನೇನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ವಿಆರ್‌ಆರ್‌ಪಿಯಲ್ಲಿ ಸಕ್ರಿಯ ರೂಟರ್ ಸೆಕೆಂಡಿಗೊಮ್ಮೆ 224.0.0.18 ಎಂಬ ಮಲ್ಟಿಕಾಸ್ಟ್ (ಗುಂಪಿಗೆಲ್ಲ ಕೇಳಿಸುವ) ವಿಳಾಸಕ್ಕೆ, ಐಪಿ ಪ್ರೋಟೋಕಾಲ್ ಸಂಖ್ಯೆ 112ರ ಅಡಿಯಲ್ಲಿ, ‘ನಾನಿದ್ದೇನೆ, ನನ್ನ ಆದ್ಯತೆ ಇಷ್ಟು’ ಎಂಬ ಪುಟ್ಟ ಘೋಷಣೆ ಕಳಿಸುತ್ತಿರುತ್ತದೆ. ಅದರ ಟಿಟಿಎಲ್ 255 ಇರಲೇಬೇಕು. ದಾರಿಯಲ್ಲಿ ಸಿಕ್ಕ ಪ್ರತಿ ರೂಟರೂ ಆ ಅಂಕಿಯನ್ನು ಒಂದೊಂದು ಇಳಿಸುವುದರಿಂದ, ಹೊರಗಿನವರು ಕಳಿಸಿದ ನಕಲಿ ಘೋಷಣೆ 255 ಆಗಿ ಬರಲಾರದು. ಮೀಸಲು ರೂಟರ್ ಕೇಳಿಸಿಕೊಂಡು ಸುಮ್ಮನಿರುತ್ತದೆ. ಮೂರು ಘೋಷಣೆಗಳಷ್ಟು ಕಾಲ ಮೌನ, ಅದರ ಮೇಲೆ 256ರಲ್ಲಿ ತನ್ನ ಆದ್ಯತೆಯನ್ನು ಕಳೆದು 256ರಿಂದ ಭಾಗಿಸಿದಷ್ಟು ಸೆಕೆಂಡು ಕಳೆದರೆ ಸಕ್ರಿಯ ರೂಟರ್ ಸತ್ತಿತೆಂದು ಅದು ತೀರ್ಮಾನಿಸುತ್ತದೆ. ಆದ್ಯತೆ 100 ಇದ್ದರೆ ಒಟ್ಟು ಸುಮಾರು 3.61 ಸೆಕೆಂಡು, 200 ಇದ್ದರೆ 3.22. ಮೀಸಲು ರೂಟರುಗಳು ಒಂದಕ್ಕಿಂತ ಹೆಚ್ಚಿದ್ದರೆ ಹೆಚ್ಚು ಆದ್ಯತೆಯದು ಮೊದಲು ಏಳಲಿ ಎಂದೇ ಈ ಚಿಲ್ಲರೆ ಲೆಕ್ಕ. ಎದ್ದ ರೂಟರ್ ತನ್ನ ಘೋಷಣೆ ಹೊರಡಿಸಿ, ಯಾರೂ ಕೇಳದ ಎಆರ್‌ಪಿ ಉತ್ತರವೊಂದನ್ನು ಜಾಲಕ್ಕೆಲ್ಲ ಕೂಗುತ್ತದೆ. ಸ್ವಿಚ್ಚುಗಳು ಪೋರ್ಟ್ ತಿದ್ದಿಕೊಳ್ಳುತ್ತವೆ. ಸಕ್ರಿಯ ರೂಟರನ್ನು ಮುಂಚಿತವಾಗಿ ತಿಳಿಸಿ ನಿಲ್ಲಿಸುವುದಾದರೆ ಅದು ಆದ್ಯತೆ 0 ಎಂದು ಘೋಷಿಸಿ ಹೋಗುತ್ತದೆ, ಮೀಸಲು ಮೂರು ಸೆಕೆಂಡು ಕಾಯುವುದಿಲ್ಲ. ಎಚ್‌ಎಸ್‌ಆರ್‌ಪಿಯ ರೂಢಿ ಇನ್ನಷ್ಟು ನಿಧಾನ: ಮೂರು ಸೆಕೆಂಡಿಗೊಂದು ಹಲೋ, ಹತ್ತು ಸೆಕೆಂಡು ಕಾಯುವಿಕೆ.

ಈ ಪ್ರೋಟೋಕಾಲ್‌ಗಳು ಬೆಳೆಯುತ್ತಿದ್ದ ಕಾಲದಲ್ಲೇ ಪೇಟೆಂಟಿನ ಜಗಳವೂ ನಡೆಯಿತು. ವಿಆರ್‌ಆರ್‌ಪಿ ತನ್ನ ಪೇಟೆಂಟಿನ ವ್ಯಾಪ್ತಿಗೆ ಬರುತ್ತದೆ ಎಂಬ ಸಿಸ್ಕೋದ ನಿಲುವನ್ನು ಒಪ್ಪದ, ಓಪನ್‌ಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಂಡ ಕಾರ್ಪ್ ಎಂಬ ಬೇರೆಯೇ ಪ್ರೋಟೋಕಾಲ್ ಬರೆದು, 2004ರ ಮೇ ತಿಂಗಳ 3.5ನೇ ಆವೃತ್ತಿಯಲ್ಲಿ ಬಿಡುಗಡೆ ಮಾಡಿತು. ಅಧಿಕೃತ ಸಂಖ್ಯೆ ಸಿಗದೆ ಹೋದಾಗ ಅವರು ವಿಆರ್‌ಆರ್‌ಪಿಯ 112ನ್ನೇ ಬಳಸಿಕೊಂಡರು, ಮ್ಯಾಕ್ ವಿಳಾಸದ ಸಾಲೂ ಅದೇ. ಇದರ ಫಲವನ್ನು ಇಂದಿಗೂ ಜಾಲ ನಿರ್ವಾಹಕರು ಉಣ್ಣುತ್ತಿದ್ದಾರೆ: ಒಂದೇ ಸ್ವಿಚ್ಚಿನಲ್ಲಿ ಕಾರ್ಪ್ ಫೈರ್‌ವಾಲ್ ಜೋಡಿಯೊಂದು, ವಿಆರ್‌ಆರ್‌ಪಿ ರೂಟರ್ ಜೋಡಿಯೊಂದು ಒಂದೇ ಗುಂಪು ಸಂಖ್ಯೆಯಲ್ಲಿ ಕೂತರೆ ಎರಡೂ ಒಂದೇ ಮ್ಯಾಕ್‌ಗೆ ಹಕ್ಕು ಸಾಧಿಸುತ್ತವೆ. ಗುಂಪು ಸಂಖ್ಯೆ 1ನ್ನು ಯೋಚಿಸದೆ ಕೊಡುವ ಅಭ್ಯಾಸ ಎಲ್ಲರಿಗೂ ಇರುವುದರಿಂದ ಇದು ಅಪರೂಪವೂ ಅಲ್ಲ.

ಈಗ ಮುಖ್ಯ ಪ್ರಶ್ನೆ. ಘೋಷಣೆ ಕೇಳಿಸುತ್ತಿದೆ ಎಂದರೆ ಏನು ಸಾಬೀತಾಯಿತು? ಆ ರೂಟರಿನ ವಿದ್ಯುತ್ ಇದೆ, ಒಳಮುಖದ ಕೇಬಲ್ ಸರಿಯಿದೆ, ಸೆಕೆಂಡಿಗೊಂದು ಪ್ಯಾಕೆಟ್ ಕಳಿಸುವಷ್ಟು ಪ್ರಜ್ಞೆ ಅದಕ್ಕಿದೆ. ಇಷ್ಟೇ. ಬಳಕೆದಾರನಿಗೆ ಬೇಕಿರುವುದು ರೂಟರಿನ ಆಚೆಗಿನ ದಾರಿ. ಪ್ರೋಟೋಕಾಲ್ ನೋಡುವುದು ರೂಟರಿನ ಈಚೆಗಿನ ಮುಖ. ಹೊರಗಿನ ಫೈಬರ್ ತುಂಡಾಗಿದ್ದರೂ ಸಕ್ರಿಯ ರೂಟರ್ ಒಳಜಾಲದಲ್ಲಿ ಉತ್ಸಾಹದಿಂದ ‘ನಾನಿದ್ದೇನೆ’ ಎನ್ನುತ್ತಲೇ ಇರುತ್ತದೆ, ಬಂದ ಪ್ಯಾಕೆಟ್ಟುಗಳನ್ನೆಲ್ಲ ಪಡೆದು ಬಿಸಾಡುತ್ತದೆ, ಪಕ್ಕದಲ್ಲಿ ಒಳ್ಳೆಯ ಲಿಂಕ್ ಇರುವ ಮೀಸಲು ರೂಟರ್ ಶಿಸ್ತಿನಿಂದ ಸುಮ್ಮನಿರುತ್ತದೆ. ಅರೆಜೀವದ ಯಂತ್ರ ಪೂರ್ತಿ ಸತ್ತ ಯಂತ್ರಕ್ಕಿಂತ ಹೆಚ್ಚು ಅಪಾಯಕಾರಿ ಎನ್ನುವುದಕ್ಕೆ ದೊಡ್ಡ ಸಾಕ್ಷಿ 2016ರ ಜುಲೈ 20ರಂದು ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ನಲ್ಲಿ ಸಿಕ್ಕಿತು. ಡಲ್ಲಾಸಿನ ಡೇಟಾ ಸೆಂಟರಿನಲ್ಲಿ ಒಂದು ರೂಟರ್ ಭಾಗಶಃ ಕೆಟ್ಟಿತು. ಪೂರ್ತಿ ಕೆಟ್ಟಿದ್ದರೆ ಏಳಬೇಕಿದ್ದ ಮೀಸಲು ವ್ಯವಸ್ಥೆ, ಪೂರ್ತಿ ಕೆಡದ ಕಾರಣ ಏಳಲಿಲ್ಲ. ಮುಂದಿನ ಕೆಲವು ದಿನಗಳಲ್ಲಿ ರದ್ದಾದ ವಿಮಾನಗಳು ಎರಡು ಸಾವಿರಕ್ಕೂ ಹೆಚ್ಚು. ಮೀಸಲು ಇತ್ತು, ಕೆಲಸ ಮಾಡುವ ಸ್ಥಿತಿಯಲ್ಲೂ ಇತ್ತು, ಅದನ್ನು ಕರೆಯುವವರೇ ಇರಲಿಲ್ಲ.

ಇದಕ್ಕೆ ರೂಟರ್ ತಯಾರಕರು ಕೊಟ್ಟ ಉತ್ತರ ನಿಗಾ ವ್ಯವಸ್ಥೆ: ಹೊರಲಿಂಕ್ ಬಿದ್ದರೆ ಆದ್ಯತೆಯನ್ನು ಇಷ್ಟು ಇಳಿಸು ಎಂಬ ಸೂಚನೆ. ಉತ್ತರ ಸರಿ, ಆದರೆ ಗಣಿತದಲ್ಲಿ ಎಡವುವವರು ಬಹಳ. ಸಕ್ರಿಯದ್ದು 110, ಮೀಸಲಿನದ್ದು 100, ಇಳಿಕೆ 10 ಎಂದು ಬರೆದರೆ ಎರಡೂ 100ಕ್ಕೆ ಬಂದು ನಿಲ್ಲುತ್ತವೆ. ತನ್ನಷ್ಟೇ ಆದ್ಯತೆಯ ಘೋಷಣೆ ಕಿವಿಗೆ ಬೀಳುತ್ತಿರುವಷ್ಟು ಕಾಲ ವಿಆರ್‌ಆರ್‌ಪಿಯ ಮೀಸಲು ಅಲುಗಾಡುವುದಿಲ್ಲ. ಇಳಿಕೆ 10ಕ್ಕಿಂತ ಹೆಚ್ಚಿರಬೇಕು, ಉದಾಹರಣೆಗೆ 20. ಎಚ್‌ಎಸ್‌ಆರ್‌ಪಿಯಲ್ಲಿ ಇನ್ನೊಂದು ತೊಡಕು: ಹೆಚ್ಚು ಆದ್ಯತೆಯುಳ್ಳದ್ದು ಅಧಿಕಾರವನ್ನು ಕಿತ್ತುಕೊಳ್ಳಬಹುದು ಎಂಬ ಅನುಮತಿ ಅಲ್ಲಿ ಕೇಳದೆ ಸಿಗುವುದಿಲ್ಲ, ಬೇರೆಯಾಗಿ ಬರೆಯಬೇಕು. ಲಿಂಕಿನ ದೀಪ ಉರಿಯುತ್ತಿದೆ ಎಂಬುದೂ ದಾರಿ ಇದೆ ಎಂಬುದಕ್ಕೆ ಪುರಾವೆಯಲ್ಲ. ಸೇವಾದಾರನ ಮೋಡೆಮ್ ಮನೆಯೊಳಗೇ ಇರುವಾಗ ರೂಟರಿನಿಂದ ಮೋಡೆಮಿಗೆ ಹೋಗುವ ಎರಡಡಿ ಕೇಬಲ್ ಸದಾ ಸರಿಯಾಗಿಯೇ ಇರುತ್ತದೆ, ಬೀದಿಯಲ್ಲಿ ಜೆಸಿಬಿ ಫೈಬರ್ ಕಿತ್ತಿದ್ದರೂ. ಆದ್ದರಿಂದ ದೂರದ ವಿಳಾಸವೊಂದಕ್ಕೆ ಪಿಂಗ್ ಕಳಿಸಿ ಉತ್ತರ ನೋಡುವ ಪದ್ಧತಿ. ಅಲ್ಲಿಯೂ ಒಂದೇ ವಿಳಾಸವನ್ನು ನಂಬಿದರೆ, ಆ ದೂರದ ಸರ್ವರ್ ಪಿಂಗ್‌ಗೆ ಉತ್ತರಿಸುವುದನ್ನು ನಿಲ್ಲಿಸಿದ ದಿನ ನಮ್ಮ ರೂಟರ್ ತಾನು ಕೆಟ್ಟೆನೆಂದು ಭ್ರಮಿಸುತ್ತದೆ. ಬೇರೆ ಬೇರೆ ಸಂಸ್ಥೆಗಳ ಎರಡು ಮೂರು ವಿಳಾಸಗಳನ್ನಿಟ್ಟು, ಎಲ್ಲವೂ ಮೌನವಾದರೆ ಮಾತ್ರ ಆದ್ಯತೆ ಇಳಿಸುವುದು ಸರಿಯಾದ ಕ್ರಮ. ಎರಡೂ ರೂಟರುಗಳಲ್ಲಿ ನಿಗಾ ಇಟ್ಟು ಎರಡರಲ್ಲೂ ಒಂದೇ ಪ್ರಮಾಣದ ಇಳಿಕೆ ಬರೆದರೆ, ಹೊರಗೇ ಏನೋ ಆಗಿ ಇಬ್ಬರಿಗೂ ಉತ್ತರ ಬಾರದಿದ್ದಾಗ ಯಥಾಸ್ಥಿತಿ ಮುಂದುವರಿಯುತ್ತದೆ.

ಎದುರಿನ ತಪ್ಪೂ ಇದೆ: ಸಾಯದ ರೂಟರನ್ನು ಸತ್ತಿತೆಂದು ತಿಳಿಯುವುದು. ಘೋಷಣೆಗಳು ದಾರಿಯಲ್ಲಿ ಕಳೆದುಹೋದರೆ, ಉದಾಹರಣೆಗೆ ಸ್ವಿಚ್ಚು ಮಲ್ಟಿಕಾಸ್ಟ್ ಶೋಧಿಸುವಾಗ 224.0.0.18ನ್ನು ತಡೆದರೆ, ಅಥವಾ ಲಿನಕ್ಸ್ ರೂಟರಿನ ಫೈರ್‌ವಾಲ್ ನಿಯಮ ಪ್ರೋಟೋಕಾಲ್ 112ನ್ನು ಬೀಳಿಸಿದರೆ, ಎರಡೂ ರೂಟರುಗಳು ತಾವೇ ಸಕ್ರಿಯ ಎಂದು ಕೂರುತ್ತವೆ. ಒಂದೇ ಮ್ಯಾಕ್ ಎರಡು ಪೋರ್ಟುಗಳಿಂದ ಕಾಣಿಸಿಕೊಂಡು ಸ್ವಿಚ್ಚಿನ ಪಟ್ಟಿ ಸೆಕೆಂಡಿಗೊಮ್ಮೆ ತಿರುವುಮುರುವಾಗುತ್ತದೆ. ಕೆಲವರಿಗೆ ಇಂಟರ್ನೆಟ್ ಇರುತ್ತದೆ, ಕೆಲವರಿಗೆ ಇರುವುದಿಲ್ಲ, ಎರಡು ನಿಮಿಷದ ನಂತರ ಅದಲುಬದಲಾಗುತ್ತದೆ. ಪತ್ತೆ ಹಚ್ಚಲು ಇದಕ್ಕಿಂತ ಕಾಡುವ ದೋಷ ಕಡಿಮೆ. ಘೋಷಣೆಗೆ ಪಾಸ್‌ವರ್ಡ್ ಕಟ್ಟಿದರೆ ಸುರಕ್ಷಿತವಲ್ಲವೇ ಎಂಬ ವಾದ ವಿಆರ್‌ಆರ್‌ಪಿಯ ಮೊದಲ ಆವೃತ್ತಿಯಲ್ಲೇ ಇತ್ತು, ಅಂಥ ಸೌಲಭ್ಯವನ್ನೂ ಕೊಟ್ಟಿದ್ದರು. 2004ರ ಪರಿಷ್ಕರಣೆಯಲ್ಲಿ ಅದನ್ನು ತೆಗೆದುಹಾಕಿದರು. ಗುರುತು ತಾಳೆಯಾಗದ ಘೋಷಣೆಯನ್ನು ಮೀಸಲು ರೂಟರ್ ತಿರಸ್ಕರಿಸುತ್ತದೆ; ತಿರಸ್ಕರಿಸಿದರೆ ಅದರ ಪಾಲಿಗೆ ಮೌನ; ಮೌನವೆಂದರೆ ಅದು ಏಳುತ್ತದೆ. ಒಳಗೇ ಕೂತ ದುಷ್ಟನನ್ನು ಪಾಸ್‌ವರ್ಡ್ ತಡೆಯಲಿಲ್ಲ, ತಪ್ಪು ಟೈಪಿಸಿದ ಸಜ್ಜನನಿಗೆ ಮಾತ್ರ ಎರಡು ಸಕ್ರಿಯ ರೂಟರುಗಳ ಶಿಕ್ಷೆ ಕೊಟ್ಟಿತು. ಆದರೂ ಹಳೆಯ ಕಾನ್ಫಿಗರೇಷನ್‌ಗಳನ್ನು ನಕಲು ಮಾಡುವವರು ಆ ಸಾಲನ್ನು ಇಂದಿಗೂ ಬಿಡುತ್ತಿಲ್ಲ.

ಮೂರೂವರೆ ಸೆಕೆಂಡು ಏಕೆ, ಮೂರನೆಯ ಆವೃತ್ತಿಯಲ್ಲಿ ಸೆಕೆಂಡಿನ ನೂರನೆಯ ಭಾಗದ ಲೆಕ್ಕಕ್ಕೂ ಅವಕಾಶವಿದೆಯಲ್ಲ, ಅದನ್ನೇ ಬಳಸಿ ಕಣ್ಣು ಮಿಟುಕಿಸುವುದರೊಳಗೆ ಬದಲಿಸಬಾರದೇ ಎಂಬ ಆಕ್ಷೇಪ ಸಹಜ. ಧ್ವನಿ ಕರೆ, ಷೇರು ವ್ಯವಹಾರಗಳಿಗೆ ಅದು ಬೇಕೂ ಬೇಕು. ಆದರೆ ರೂಟರಿನ ಪ್ರೊಸೆಸರ್ ಬೇರೆ ಕೆಲಸದಲ್ಲಿ ಅರ್ಧ ಸೆಕೆಂಡು ಮುಳುಗಿದರೆ ಆ ಅರ್ಧ ಸೆಕೆಂಡನ್ನು ಸಾವೆಂದು ಓದುವ ವ್ಯವಸ್ಥೆ, ಕೆಡದಿದ್ದಾಗಲೂ ಅಧಿಕಾರ ಬದಲಿಸುತ್ತ ಕೂರುತ್ತದೆ. ವೇಗ ಬೇಕಾದವರು ಪ್ರೊಸೆಸರಿನ ಮೇಲೆ ಭಾರ ಹಾಕದೆ, 2010ರ ಆರ್‌ಎಫ್‌ಸಿ 5880ರಲ್ಲಿ ವಿವರಿಸಿದ, ಸಂಪರ್ಕ ಕಡಿದದ್ದನ್ನು ಬೇಗ ಪತ್ತೆಹಚ್ಚುವ ಬಿಎಫ್‌ಡಿಯನ್ನು ಯಂತ್ರಾಂಶವೇ ನಡೆಸುವ ರೂಟರುಗಳಲ್ಲಿ ಬಳಸುತ್ತಾರೆ. ಬದಲಾವಣೆಯ ಬೆಲೆ ಎಷ್ಟು ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಆಪ್ಟಿಕಲ್ ಉಪಕರಣವೊಂದನ್ನು ಬದಲಿಸುವಾಗ ಅಮೆರಿಕದ ಪೂರ್ವ ಕರಾವಳಿಯ ಜಾಲಕೇಂದ್ರಕ್ಕೂ ಅಲ್ಲಿನ ಮುಖ್ಯ ಡೇಟಾ ಸೆಂಟರಿಗೂ ಸಂಪರ್ಕ ತಪ್ಪಿದ್ದು ಕೇವಲ 43 ಸೆಕೆಂಡು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಡೇಟಾಬೇಸುಗಳ ಅಧಿಕಾರವನ್ನು ಪಶ್ಚಿಮ ಕರಾವಳಿಗೆ ದಾಟಿಸಿತು. ಎರಡೂ ಕಡೆ ಬೇರೆ ಬೇರೆ ಬರಹ ಉಳಿದು, ಸೇವೆ ಪೂರ್ತಿ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು. ಅದು ಡೇಟಾಬೇಸಿನ ಕಥೆ, ಗೇಟ್‌ವೇಗೆ ಹೇಗೆ ಹೊಂದುತ್ತದೆ ಎಂದು ಕೇಳಬಹುದು. ಹೊಂದುವುದು ಇಲ್ಲಿ: ನೆನಪಿಲ್ಲದ ರೂಟರಿನ ಕೈ ಬದಲಿಸುವುದು ಅಗ್ಗ, ನೆನಪಿರುವ ಯಂತ್ರದ ಕೈ ಬದಲಿಸುವುದು ದುಬಾರಿ, ಮತ್ತು ಇಂದಿನ ಗೇಟ್‌ವೇ ನೆನಪಿಲ್ಲದ ರೂಟರಾಗಿ ಉಳಿದಿಲ್ಲ.

ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಇನ್ನೂರು ಕಂಪ್ಯೂಟರುಗಳನ್ನು ಅಡಗಿಸುವ ನ್ಯಾಟ್, ಯಾವ ಸಂಪರ್ಕ ಯಾವ ಕಂಪ್ಯೂಟರಿನದು ಎಂಬ ಪಟ್ಟಿಯನ್ನು ಗೇಟ್‌ವೇಯಲ್ಲೇ ಇಡುತ್ತದೆ. ಫೈರ್‌ವಾಲ್, ವಿಪಿಎನ್ ಸುರಂಗಗಳದ್ದೂ ಹಾಗೆಯೇ. ಪಟ್ಟಿ ಇಲ್ಲದ ಮೀಸಲು ರೂಟರ್ ಮೂರೂವರೆ ಸೆಕೆಂಡಿಗೆ ಎದ್ದರೂ ನಡೆಯುತ್ತಿದ್ದ ಸಂಪರ್ಕಗಳನ್ನು ಗುರುತಿಸದೆ ಕಡಿದುಹಾಕುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಪಿಎಫ್‌ಸಿಂಕ್, ಲಿನಕ್ಸಿನಲ್ಲಿ ಕಾನ್‌ಟ್ರ್ಯಾಕ್‌ಡಿ ಈ ಪಟ್ಟಿಯನ್ನು ಆಗಿಂದಾಗ್ಗೆ ಮೀಸಲಿಗೆ ಒಪ್ಪಿಸುತ್ತಿರುತ್ತವೆ. ಆದರೆ ಎರಡು ರೂಟರುಗಳಿಗೆ ಎರಡು ಬೇರೆ ಸೇವಾದಾರರ ಲಿಂಕ್ ಇದ್ದರೆ ಪಟ್ಟಿ ಹಂಚಿಯೂ ಫಲವಿಲ್ಲ, ಏಕೆಂದರೆ ಹೊರಗಿನ ಐಪಿ ವಿಳಾಸವೇ ಬದಲಾಗುತ್ತದೆ. ಬ್ಯಾಂಕಿನ ಜಾಲತಾಣದಲ್ಲಿ ಲಾಗಿನ್ ಆದವರು ಹೊರಬೀಳುತ್ತಾರೆ, ವಿಡಿಯೋ ಕರೆ ಮರುಜೋಡಿಸಬೇಕಾಗುತ್ತದೆ. ಅದು ತಪ್ಪಬೇಕಾದರೆ ಸಂಸ್ಥೆಗೆ ತನ್ನದೇ ವಿಳಾಸಗಳ ಗುಚ್ಛ, ತನ್ನದೇ ಎಎಸ್ ಸಂಖ್ಯೆ (ಬಿಜಿಪಿಯಲ್ಲಿ ಜಾಲದ ಗುರುತು), ಇಬ್ಬರು ಸೇವಾದಾರರೊಂದಿಗೂ ಬಿಜಿಪಿ ಬೇಕು. ಭಾರತದಲ್ಲಿ ವಿಳಾಸಗಳನ್ನೂ ಎಎಸ್ ಸಂಖ್ಯೆಯನ್ನೂ ನಿಕ್ಸಿ ಸಂಸ್ಥೆಯ ಐರಿನ್ ವಿಭಾಗ ಕೊಡುತ್ತದೆ. 256 ವಿಳಾಸಗಳಿಗಿಂತ ಚಿಕ್ಕ ಐಪಿವಿ4 ಗುಚ್ಛವನ್ನು ಜಗತ್ತಿನ ಹೆಚ್ಚಿನ ಜಾಲಗಳು ಬಿಜಿಪಿಯಲ್ಲಿ ಸ್ವೀಕರಿಸುವುದಿಲ್ಲವಾದ್ದರಿಂದ ಸಣ್ಣ ಕಚೇರಿಗಳಿಗೆ ಇದು ಎಟುಕದ ಮಾತು. ಬಿಜಿಪಿ ಇರುವಲ್ಲಿ ಇನ್ನೊಂದು ಎಚ್ಚರ ಬೇಕು. ರಿಪೇರಿಯಾಗಿ ಎದ್ದ ಹಳೆಯ ರೂಟರ್, ಹೆಚ್ಚು ಆದ್ಯತೆಯ ಬಲದಿಂದ ತಕ್ಷಣ ಅಧಿಕಾರ ಕಿತ್ತುಕೊಳ್ಳುತ್ತದೆ. ಅದರ ದಾರಿಪಟ್ಟಿ ತುಂಬಲು ಇನ್ನೂ ನಿಮಿಷಗಳು ಬೇಕು. ಅಷ್ಟೂ ಹೊತ್ತು ಪ್ಯಾಕೆಟ್ಟುಗಳು ಮಣ್ಣುಪಾಲು. ಕೆಟ್ಟಾಗ ಯಾರಿಗೂ ತಿಳಿಯದ ದೋಷ ಸರಿಹೋದಾಗ ಎಲ್ಲರಿಗೂ ತಿಳಿಯುವ ಈ ವಿಚಿತ್ರಕ್ಕೆ ಮದ್ದು, ಮರಳಿ ಪಡೆಯುವಿಕೆಗೆ ಕೆಲವು ನಿಮಿಷಗಳ ತಡ ಹಾಕುವುದು.

ಹೋಗುವ ದಾರಿಯನ್ನು ಈ ಪ್ರೋಟೋಕಾಲ್‌ಗಳು ನೋಡಿಕೊಳ್ಳುತ್ತವೆ, ಬರುವ ದಾರಿ ಅವುಗಳ ಕೈಯಲ್ಲಿಲ್ಲ. ಉತ್ತರದ ಪ್ಯಾಕೆಟ್ಟುಗಳು ಮೀಸಲು ರೂಟರಿನ ಮೂಲಕ ಮರಳುವುದು ಸಾಮಾನ್ಯ, ತಪ್ಪೂ ಅಲ್ಲ. ಆದರೆ ಸಿಸ್ಕೋ ರೂಟರುಗಳಲ್ಲಿ ಎಆರ್‌ಪಿ ನೆನಪಿನ ರೂಢಿಯ ಆಯಸ್ಸು ನಾಲ್ಕು ಗಂಟೆ, ಸ್ವಿಚ್ಚಿನ ಮ್ಯಾಕ್ ಪಟ್ಟಿಯದ್ದು ಐದು ನಿಮಿಷ. ಕಂಪ್ಯೂಟರ್ ತನ್ನ ಮಾತನ್ನೆಲ್ಲ ಸಕ್ರಿಯ ರೂಟರಿಗೇ ಹೇಳುವುದರಿಂದ, ಮೀಸಲು ರೂಟರಿನ ಪಕ್ಕದ ಸ್ವಿಚ್ಚು ಅದರ ದನಿಯನ್ನೇ ಕೇಳದೆ ಐದು ನಿಮಿಷದಲ್ಲಿ ಅದನ್ನು ಮರೆತುಬಿಡುತ್ತದೆ. ರೂಟರಿಗೆ ಮಾತ್ರ ಮ್ಯಾಕ್ ಇನ್ನೂ ನೆನಪಿದೆ, ಪ್ಯಾಕೆಟ್ ಕಳಿಸುತ್ತದೆ. ಎಲ್ಲಿಗೆಂದು ತಿಳಿಯದ ಸ್ವಿಚ್ಚು ಅದನ್ನು ಎಲ್ಲ ಪೋರ್ಟುಗಳಿಗೂ ಸುರಿಯುತ್ತದೆ. ಜೋಡಿ ಹಾಕಿದ ಮೇಲೆ ಜಾಲ ನಿಧಾನವಾಯಿತು ಎಂಬ ದೂರಿನ ಹಿಂದೆ ಹಲವು ಸಲ ಇದೇ ಇರುತ್ತದೆ. ಎಆರ್‌ಪಿ ಆಯಸ್ಸನ್ನು ಮ್ಯಾಕ್ ಪಟ್ಟಿಯ ಆಯಸ್ಸಿಗಿಂತ ಕಡಿಮೆ ಮಾಡಿದರೆ ತೊಂದರೆ ಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿ ಹೊಂದಿಸಿದರೂ ಉಳಿಯುವುದು ಒಟ್ಟಿಗೆ ಬೀಳುವ ಪ್ರಶ್ನೆ. ವರ್ಷದಲ್ಲಿ ಶೇಕಡಾ 99.9ರಷ್ಟು ಹೊತ್ತು ಕೆಲಸ ಮಾಡುವ ರೂಟರ್ ಎಂದರೆ ಸುಮಾರು 8 ಗಂಟೆ 46 ನಿಮಿಷ ನಿಲ್ಲುವ ರೂಟರ್. ಅಂಥ ಎರಡು ಒಂದಕ್ಕೊಂದು ಸಂಬಂಧವಿಲ್ಲದೆ ಕೆಡುವುದಾದರೆ ಎರಡೂ ಒಟ್ಟಿಗೆ ನಿಲ್ಲುವ ಹೊತ್ತು ವರ್ಷಕ್ಕೆ ಬರೀ 32 ಸೆಕೆಂಡು. ಕರಪತ್ರಗಳು ತೋರಿಸುವುದು ಈ ಅಂಕಿಯನ್ನು. ಆದರೆ ಕೆಡುವ ಕಾರಣಗಳಲ್ಲಿ ಹತ್ತರಲ್ಲೊಂದು ಇಬ್ಬರಿಗೂ ಸಮಾನವಾಗಿದೆ ಎಂದಿಟ್ಟುಕೊಳ್ಳಿ: ಅದೇ ಯುಪಿಎಸ್, ಅದೇ ಸ್ವಿಚ್ಚು, ಅದೇ ಸಾಫ್ಟ್‌ವೇರ್ ದೋಷ, ಅದೇ ಕೈಯಿಂದ ಬಂದ ಅದೇ ತಪ್ಪು ಸಾಲು. ನಿಲ್ಲುವ ಹೊತ್ತು ತಟಕ್ಕನೆ 53 ನಿಮಿಷಕ್ಕೆ ಏರುತ್ತದೆ. ಎರಡು ಬೀಗ ಹಾಕಿ ಎರಡರ ಕೀಲಿಯನ್ನೂ ಒಂದೇ ಗೊಂಚಲಿಗೆ ಕಟ್ಟಿದ ಹಾಗೆ. ಬೆಂಗಳೂರಿನ ಬೀದಿಗಳಲ್ಲಿ ಇದನ್ನು ತಲೆಯೆತ್ತಿ ನೋಡಿದರೆ ಸಾಕು, ಇಬ್ಬರು ಪೈಪೋಟಿಯ ಸೇವಾದಾರರ ಕೇಬಲ್‌ಗಳು ಒಂದೇ ಮರದ ಕೊಂಬೆ, ಒಂದೇ ಕಂಬ ಹಿಡಿದು ಒಂದೇ ಕಟ್ಟಡಕ್ಕೆ ಇಳಿಯುತ್ತಿರುತ್ತವೆ. ಇನ್ನು ಕಾನ್ಫಿಗರೇಷನ್ ತಪ್ಪಿಗೆ ಮರವೂ ಬೇಡ, ಮಳೆಯೂ ಬೇಡ. ಕೆನಡಾದ ರಾಜರ್ಸ್ ಜಾಲ 2022ರ ಜುಲೈ 8ರಂದು ಕುಸಿದಾಗ 1.2 ಕೋಟಿಗೂ ಹೆಚ್ಚು ಗ್ರಾಹಕರು ಸಂಪರ್ಕ ಕಳೆದುಕೊಂಡರು. ಒಳಜಾಲದ ಉನ್ನತೀಕರಣದ ವೇಳೆ ಒಂದು ಶೋಧಕ ನಿಯಮ ತೆಗೆದುಹಾಕಿದ್ದರಿಂದ ದಾರಿಗಳ ಮಹಾಪೂರ ಹರಿದು ಕೇಂದ್ರದ ರೂಟರುಗಳು ಮುಳುಗಿದವು. ಬದಲಿ ರೂಟರುಗಳು ಇದ್ದವು, ಅದೇ ಪೂರ ಅವುಗಳನ್ನೂ ತಲುಪಿತು. ಮೊಬೈಲ್ ಮತ್ತು ತಂತಿ ಸೇವೆ ಎರಡಕ್ಕೂ ಕೇಂದ್ರಜಾಲ ಒಂದೇ. ದುರಸ್ತಿಗೆ ಬಳಸುವ ನಿರ್ವಹಣಾ ಜಾಲವೂ ಅದನ್ನೇ ಆಶ್ರಯಿಸಿದ್ದರಿಂದ ಎಂಜಿನಿಯರುಗಳಿಗೆ ತಮ್ಮದೇ ಯಂತ್ರಗಳನ್ನು ಮುಟ್ಟಲಾಗಲಿಲ್ಲ. ಸಣ್ಣ ಕಚೇರಿಗೂ ಇದರಿಂದ ಒಂದು ಲೆಕ್ಕ ಸಿಗುತ್ತದೆ: ಎರಡನೆಯ ರೂಟರಿಗೆ ಕೊಡುವ ಹಣದಲ್ಲಿ ಸ್ವಲ್ಪವನ್ನು ಬೇರೆ ಯುಪಿಎಸ್‌ಗೆ, ಕೇಬಲ್ ಬದಲು 4ಜಿ ಅಥವಾ 5ಜಿಯ ಎರಡನೆಯ ಲಿಂಕಿಗೆ, ಎರಡು ರೂಟರುಗಳ ಸಾಫ್ಟ್‌ವೇರನ್ನು ಒಂದೇ ದಿನ ನವೀಕರಿಸದ ಶಿಸ್ತಿಗೆ ಹಾಕಿದರೆ ಹೆಚ್ಚು ಫಲ.

ಹಾಗಿದ್ದರೆ ಕಪಾಟಿನಲ್ಲಿ ಅದೇ ಮಾದರಿಯ ರೂಟರೊಂದನ್ನು ಕಾನ್ಫಿಗರೇಷನ್ ತುಂಬಿಸಿ ಇಟ್ಟು, ಕೆಟ್ಟಾಗ ಕೈಯಿಂದ ಬದಲಿಸಿದರೆ ಸಾಲದೇ? ಇಪ್ಪತ್ತು ಜನರ ಕಚೇರಿಗೆ, ಕೆಲಸದ ಹೊತ್ತಿನಲ್ಲಿ ಕೇಬಲ್ ಬದಲಿಸಬಲ್ಲ ಒಬ್ಬರಿದ್ದರೆ, ಖಂಡಿತ ಸಾಕು. ಯಾರೂ ನೋಡಿಕೊಳ್ಳದ ಸ್ವಯಂಚಾಲಿತ ಜೋಡಿಗಿಂತ ಇದೇ ವಾಸಿ. ಅರ್ಧ ಗಂಟೆಯ ನಿಲುಗಡೆ ಸಹಿಸಲಾಗದ ಆಸ್ಪತ್ರೆ, ರಾತ್ರಿ ಯಾರೂ ಇರದ ಸರ್ವರ್ ಕೋಣೆ, ಇವಕ್ಕೆ ಸಾಲದು. ಎಲ್ಲವೂ ಕ್ಲೌಡ್‌ಗೆ ಹೋಗಿದೆ, ಈ ತಲೆನೋವು ಇನ್ನೇಕೆ ಎಂಬ ಮಾತು ಅರ್ಧ ನಿಜ. ಕ್ಲೌಡ್ ತಲುಪಲು ಕಚೇರಿಯ ಗೇಟ್‌ವೇ ದಾಟಲೇಬೇಕು, ಹಿಂದೆಂದಿಗಿಂತ ಹೆಚ್ಚಾಗಿ. ಕ್ಲೌಡ್‌ನೊಳಗೆ ತನ್ನದೇ ರೂಟರ್ ನಡೆಸುವವರಿಗೆ ಮಲ್ಟಿಕಾಸ್ಟ್ ಸಾಮಾನ್ಯವಾಗಿ ಸಿಗುವುದಿಲ್ಲ, ಕೂಗಿ ಹೇಳುವ ಎಆರ್‌ಪಿಗೂ ಬೆಲೆಯಿಲ್ಲ. ಕೀಪ್‌ಅಲೈವ್‌ಡಿಯಂಥ ತಂತ್ರಾಂಶದಲ್ಲಿ ನೇರ ವಿಳಾಸಕ್ಕೆ ಘೋಷಣೆ ಕಳಿಸಿ, ಗೆದ್ದವರು ಕ್ಲೌಡ್‌ನ ದಾರಿಪಟ್ಟಿಯನ್ನು ತಿದ್ದುವಂತೆ ಮಾಡಬೇಕು. ದೊಡ್ಡ ಡೇಟಾ ಸೆಂಟರುಗಳು ಇನ್ನೊಂದು ಬಗೆಯಲ್ಲಿ ಯೋಚಿಸಿವೆ. ಅಲ್ಲಿನ ಬಿಜಿಪಿ ಆಧಾರಿತ ಇವಿಪಿಎನ್ ಜಾಲಗಳಲ್ಲಿ ಪ್ರತಿ ಸ್ವಿಚ್ಚೂ ಅದೇ ಗೇಟ್‌ವೇ ಐಪಿ, ಅದೇ ಮ್ಯಾಕ್ ಹೊತ್ತಿರುತ್ತದೆ. ಸಕ್ರಿಯ ಯಾರು, ಮೀಸಲು ಯಾರು ಎಂಬ ಚುನಾವಣೆಯೇ ಅಲ್ಲಿಲ್ಲ. ಸರ್ವರಿಗೆ ಅತಿ ಹತ್ತಿರದ ಸ್ವಿಚ್ಚೇ ಗೇಟ್‌ವೇ. ಸಾವಿನ ಪತ್ತೆಯ ಕೆಲಸ ಮಾಯವಾಗಲಿಲ್ಲ, ಮೇಲಿನ ಪದರದ ಬಿಜಿಪಿಗೆ ವರ್ಗವಾಯಿತು, ಆದರೆ ಅದನ್ನು ದಾರಿಗಳ ವಿಷಯವಾಗಿ ನೋಡುವ ಪ್ರೋಟೋಕಾಲಿನ ಕೈಗೆ ಬಂತು. ತೀರ್ಮಾನವೇ ದುರ್ಬಲ ಕೊಂಡಿ ಎಂಬುದನ್ನು ಆ ವಿನ್ಯಾಸಕಾರರು ಒಪ್ಪಿಕೊಂಡಿದ್ದಾರೆ ಎಂದೇ ಇದನ್ನು ಓದಬೇಕು.

ಕೊನೆಯದಾಗಿ ಪರೀಕ್ಷೆ. ಮೀಸಲು ರೂಟರ್ ತಿಂಗಳುಗಟ್ಟಲೆ ಏನೂ ಮಾಡದೆ ಕೂರುವ ಯಂತ್ರ. ಅದರ ಹೊರಲಿಂಕಿನ ಬಿಲ್ ಕಟ್ಟದೆ ಸೇವಾದಾರ ಕಡಿತ ಮಾಡಿದ್ದರೂ ಬೇಕಾದ ದಿನದವರೆಗೆ ತಿಳಿಯುವುದಿಲ್ಲ. ಹೆಚ್ಚಿನವರು ಮಾಡುವ ಪರೀಕ್ಷೆ ಸಕ್ರಿಯ ರೂಟರಿನ ವಿದ್ಯುತ್ ತೆಗೆಯುವುದು, ಅಂದರೆ ಯಾವ ಬಗೆಯ ಸಾವನ್ನು ಪ್ರೋಟೋಕಾಲ್ ಕಣ್ಣುಮುಚ್ಚಿ ಹಿಡಿಯುತ್ತದೋ ಅದನ್ನೇ. ಅದರ ಜೊತೆಗೆ ಹೊರಲಿಂಕಿನ ಆಚೆ ತುದಿಯಲ್ಲಿ ತಡೆಯೊಡ್ಡಿ, ದೀಪ ಉರಿಯುತ್ತಿರುವಾಗಲೇ ದಾರಿ ಸಾಯುವಂತೆ ಮಾಡಬೇಕು. ಘೋಷಣೆಗಳನ್ನು ಮಾತ್ರ ತಡೆದು ಎರಡು ಸಕ್ರಿಯ ರೂಟರುಗಳಾದಾಗ ಎಚ್ಚರಿಕೆಯ ಸಂದೇಶ ಬರುತ್ತದೆಯೇ ನೋಡಬೇಕು. ಒಳಗಿನ ಕಂಪ್ಯೂಟರೊಂದರಿಂದ ಸೆಕೆಂಡಿಗೆ ಹತ್ತು ಪಿಂಗ್ ಕಳಿಸುತ್ತಿದ್ದರೆ ಕಳೆದುಹೋದವುಗಳ ಎಣಿಕೆಯೇ ಸಮಯದ ಅಳತೆ: 36 ಕಳೆದರೆ 3.6 ಸೆಕೆಂಡು, ಲೆಕ್ಕಕ್ಕೆ ಸರಿ. 300 ಕಳೆದರೆ ಪ್ರೋಟೋಕಾಲ್ ಅಲ್ಲದೆ ಬೇರೇನೋ ತಡೆಯುತ್ತಿದೆ, ಹೊಸ ಕೇಬಲ್ ಬಂದಾಗ ಅರ್ಧ ನಿಮಿಷ ಪೋರ್ಟನ್ನು ಮುಚ್ಚಿಡುವ ಸ್ಪ್ಯಾನಿಂಗ್ ಟ್ರೀಯನ್ನು ಮೊದಲು ಶಂಕಿಸಬೇಕು. ಪರೀಕ್ಷೆಯ ನಂತರ ತಕ್ಷಣ ಹಳೆಯದಕ್ಕೆ ಮರಳದೆ ಒಂದು ಪೂರ್ತಿ ಕೆಲಸದ ದಿನ ಮೀಸಲಿನ ಮೇಲೆಯೇ ಜಾಲ ಓಡಿಸುವುದು ಒಳ್ಳೆಯದು. ಬೆಳಗಿನ ಹತ್ತೂವರೆಯ ದಟ್ಟಣೆಯನ್ನು ಅದರ ಲಿಂಕ್ ತಡೆಯುತ್ತದೆಯೇ, ಅದರ ವಿಳಾಸವನ್ನು ಬ್ಯಾಂಕು ಮತ್ತು ಶಾಖೆಗಳ ಫೈರ್‌ವಾಲ್‌ಗಳು ಒಳಗೆ ಬಿಡುತ್ತವೆಯೇ ಎಂಬುದು ರಾತ್ರಿ ಹನ್ನೊಂದರ ಪರೀಕ್ಷೆಯಲ್ಲಿ ಕಾಣುವುದಿಲ್ಲ.